ಡಕೋಟಾದ ಬಾಗಿಲು

"ನೀನೂ ಬರಬೇಕು," ಎಂದು ಕಾಡಸಿದ್ದ ಎರಡನೆಯ ಸಲ ಹೇಳಿದ. ಮೊದಲ ಸಲ ಹೇಳಿದ್ದು ಮಗ್ಗಗಳ ಸದ್ದಿನಲ್ಲಿ ಕೊಚ್ಚಿಹೋಯಿತೆಂದು ಅವನು ತಿಳಿದಿದ್ದ. ಹಾಗೇನೂ ಆಗಿರಲಿಲ್ಲ. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸಿಗೆ ಮಾತು ಕೇಳಲು ಕಿವಿಯೇ ಬೇಕೆಂದಿಲ್ಲ, ಎದುರಿಗಿದ್ದವರ ತುಟಿ ಕಂಡರೆ ಸಾಕು. ಅವನ ಹೆಂಡತಿ ನಾಗೂಬಾಯಿಗೆ ಮೊದಲ ಸಲವೇ ತಿಳಿದಿತ್ತು. ಲಾಳಿಯೊಳಗೆ ಕೂರಿಸುವ ಕಾಂಡಿಗೆ ಹತ್ತಿಯ ನೂಲು ಸುತ್ತುತ್ತಿದ್ದವಳು ಆ ಸುರುಳಿಯಿಂದ ಕಣ್ಣು ಕೀಳಲಿಲ್ಲ, ಅಷ್ಟೆ.

ಸುದ್ದಿ ತಂದವನು ಶೆಡ್ಡಿನ ಮಾಲೀಕ ಜಿನಗೊಂಡ. ಮರಾಠಿ ಪೇಪರು ಓದುತ್ತ ಚಹಾ ಕುಡಿಯುವುದು ಅವನ ಬೆಳಗಿನ ಪೂಜೆ. ಅಂದು ಪೇಪರನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ವಾಚಮನ್ ಕಾಡಸಿದ್ದನ ಹತ್ತಿರ ತಾನೇ ನಡೆದು ಬಂದ. "ನಿನ್ನ ಹಿರೇ ಹೆಂಡತಿ ಬರಾಕತ್ತಾಳ ನೋಡಪಾ," ಎಂದ. ಬರುವ ಶುಕ್ರವಾರ ಕೊಲ್ಲಾಪುರದ ಉಜಳಾಯಿವಾಡಿಯ ವಿಮಾನ ಮೈದಾನದಲ್ಲಿ ಮಿಲಿಟರಿಯವರ ಒಂದು ಹಳೆಯ ಡಕೋಟಾ ವಿಮಾನ ಇಳಿಯಲಿದೆಯಂತೆ. ಇನ್ನೇನು ಅದಕ್ಕೂ ಪೆನ್ಶನ್ ಆಗುವುದಿದೆ, ಅದಕ್ಕೆ ಮೊದಲು ಜನರು ಬಂದು ನೋಡಿಹೋಗಲಿ, ಹುಡುಗರಿಗೆ ಸೈನ್ಯ ಸೇರುವ ಮನಸ್ಸಾಗಲಿ ಎಂದು ಸರಕಾರದ ಏರ್ಪಾಡು.

ಜಿನಗೊಂಡ ಚಾಷ್ಟಿ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಓಣಿಯ ತುಂಬ ಕಾಡಸಿದ್ದನ ಹೆಸರೇ ಡಕೋಟಾ ಮಾಮಾ. ಚಹಾದಂಗಡಿಯಲ್ಲಿ ಯಾರಾದರೂ ಮಳೆಯ ಮಾತೆತ್ತಿದರೆ ಇವನು ಡಕೋಟಾ ಮಳೆಯಲ್ಲಿ ಹೇಗೆ ಹಾರುತ್ತಿತ್ತು ಎನ್ನುತ್ತಿದ್ದ. ಕಬ್ಬಿನ ಮಾತೆತ್ತಿದರೆ ಬೆಲ್ಲದ ಪೆಂಟೆಗಳನ್ನು ಮೇಲಿನಿಂದ ಹೇಗೆ ಇಳಿಸಿದೆವು ಎನ್ನುತ್ತಿದ್ದ. ಮದುವೆಯ ಮಾತೆತ್ತಿದರೂ ಅಲ್ಲೊಂದು ಡಕೋಟಾ ಬಂದೇ ಬರುತ್ತಿತ್ತು. ಕೇಳುವವರು ಒಬ್ಬೊಬ್ಬರಾಗಿ ಬೀಡಿ ಆರಿಸಿ ಎದ್ದು ಹೋಗುತ್ತಿದ್ದರು. ಕೊನೆಗೆ ಅಂಗಡಿಯವನು ಬೆಂಚಿನ ಮೇಲೆ ನೀರು ಚೆಲ್ಲಿ ಒರೆಸತೊಡಗಿದ ಮೇಲೆ ಇವನೂ ಏಳುತ್ತಿದ್ದ.

ಕಾಡಸಿದ್ದನ ಊರು ದತ್ತವಾಡ. ಹಾಲುಮತದ ಮನೆತನ, ಮರಾಠಿಯವರ ಬಾಯಲ್ಲಿ ಧನಗರರು. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದವನು. ಮದುವೆಯಾದ ಮರುವರ್ಷ ಜಯಸಿಂಗಪುರದ ಸಂತೆಗೆ ಟಗರು ಮಾರಲು ಹೋದವನು ಅದೇ ಕಾಲಿನಲ್ಲಿ ಕೊಲ್ಲಾಪುರಕ್ಕೆ ಹೋಗಿ ಸೈನ್ಯದ ಭರ್ತಿಯ ಸಾಲಿನಲ್ಲಿ ನಿಂತ. ಬಂದೂಕು ಹಿಡಿಯುವ ಆಸೆ ಇತ್ತು. ಕೈಗೆ ಬಂದದ್ದು ಮೂಟೆ. ಅಸ್ಸಾಮಿನ ಜೋರಹಾಟಿಗೆ ಕಳಿಸಿ, ವಿಮಾನದೊಳಗಿಂದ ಸಾಮಾನು ಹೊರಗೆ ದಬ್ಬುವ ಗುಂಪಿಗೆ ಹಾಕಿದರು. ರಸ್ತೆಯಿಲ್ಲದ ಗುಡ್ಡಗಳ ಮೇಲಿನ ಠಾಣೆಗಳಿಗೆ ಊಟ ಮೇಲಿನಿಂದಲೇ ಬೀಳಬೇಕು. ಒಂದು ದಿನ ಸಾಹೇಬರು ಸಾಲಿನ ಮುಂದೆ ನಿಂತು, ಕುರಿ ಗೊತ್ತಿದ್ದವರು ಯಾರಿದ್ದೀರಿ ಎಂದು ಕೇಳಿದರು. ಕಾಡಸಿದ್ದ ಕೈ ಎತ್ತಿದ. ಎತ್ತಿದ ಕೈಯನ್ನು ಪೆನ್ಶನ್ ಆಗುವವರೆಗೂ ಇಳಿಸಲಿಕ್ಕಾಗಲಿಲ್ಲ.

ಗುಡ್ಡದ ಮೇಲಿನ ಜವಾನರಿಗೆ ಮಾಂಸ ಬೇಕು. ಸತ್ತ ಮಾಂಸ ದಾರಿಯಲ್ಲೇ ಕೆಡುತ್ತದೆ. ಹಾಗಾಗಿ ಜೀವಂತ ಕುರಿಯನ್ನೇ ಕಾಲು ಕಟ್ಟಿ, ಗೋಣಿಯ ತೊಟ್ಟಿಲಲ್ಲಿ ಮಲಗಿಸಿ, ಬೆನ್ನಿಗೊಂದು ಪ್ಯಾರಾಶೂಟು ಬಿಗಿದು, ಹಾರುವ ವಿಮಾನದ ಬಾಗಿಲಿನಿಂದ ಬಿಡುತ್ತಿದ್ದರು. ಇದನ್ನು ಇಚಲಕರಂಜಿಯಲ್ಲಿ ಯಾರೂ ನಂಬಲಿಲ್ಲ. ಕುರಿ ಕೊಡೆ ಹಿಡಿದು ಬರುತ್ತಿತ್ತೇನೋ ಮಾಮಾ ಎಂದು ನಗುತ್ತಿದ್ದರು.

ಆದರೆ ಅವನ ಪ್ರೀತಿ ಆ ವಿಮಾನದ ಮೇಲೆ. ಉಪ್ಪಿಗೂ ಸೈ, ಸೊಪ್ಪಿಗೂ ಸೈ ಎನ್ನುತ್ತಾರಲ್ಲ, ಡಕೋಟಾ ಹಾಗಿತ್ತು. ಮುಂಜಾನೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಹೊತ್ತೊಯ್ದು ಚೆಲ್ಲುವುದು. ಮಧ್ಯಾಹ್ನ ಗೋಡೆಯ ಬದಿಗೆ ಮಡಚಿಟ್ಟ ಬೆಂಚು ಬಿಡಿಸಿದರೆ ಸಿಪಾಯಿಗಳು ಸಾಲಾಗಿ ಕೂತು ಹೋಗುವುದು. ಬರುವಾಗ ಅದೇ ಬೆಂಚಿನ ಜಾಗದಲ್ಲಿ ಸ್ಟ್ರೆಚರುಗಳು, ನರಳುವ ಜನ. ಟಪಾಲು ಬೇಕೆ, ಟಪಾಲು. ಕಾಗದದ ಚೀಟಿಗಳನ್ನು ಊರ ಮೇಲೆ ಎರಚಬೇಕೆ, ಅದೂ ಸೈ. ಕಾಶ್ಮೀರದ ಮೊದಲ ಯುದ್ಧದಲ್ಲಿ ಇದರ ಬಾಗಿಲಿನಿಂದ ಬಾಂಬನ್ನು ಕಾಲಿಂದ ಒದ್ದು ಉರುಳಿಸಿದ್ದರೆಂದು ಹಿರಿಯರು ಹೇಳುತ್ತಿದ್ದರು. ಒಮ್ಮೆ ಹೆರಿಗೆಯ ಬೇನೆ ತಿನ್ನುತ್ತಿದ್ದ ಗುಡ್ಡದ ಹೆಂಗಸೊಬ್ಬಳನ್ನು ಕೆಳಗಿನ ದವಾಖಾನೆಗೆ ತಂದಿದ್ದರು. ಅವಳು ವಿಮಾನದಲ್ಲೇ ಹೆತ್ತಳು, ಅದೇ ನೆಲವನ್ನು ತೊಳೆದು ಮರುದಿನ ಆಲೂಗಡ್ಡೆ ತುಂಬಿದರು. ಹೊಸ ಹೊಸ ವಿಮಾನಗಳು ಬಂದವು, ಹೋದವು. ಇದೊಂದು ಮಾತ್ರ ಹಳೆಯ ಮನೆಯ ಬೀಸುಕಲ್ಲಿನಂತೆ ಇದ್ದಲ್ಲೇ ಇತ್ತು.

ಇಷ್ಟೆಲ್ಲ ಹೇಳುವವನು ಒಂದು ಮಾತನ್ನು ಮಾತ್ರ ಚಹಾದಂಗಡಿಯಲ್ಲಿ ಹೇಳುತ್ತಿರಲಿಲ್ಲ. ಕುರಿಗಾರ ಹಿಂಡಿನ ಮುಂದೆ ನಡೆಯಬೇಕು, ಹಿಂದಿನಿಂದ ದಬ್ಬುವವನು ಕಟುಕ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಮೊದಲ ದಿನ ಬಾಗಿಲಲ್ಲಿ ದಬ್ಬಲು ಗಂಟೆ ಬಾರಿಸಿದಾಗ ಕಾಡಸಿದ್ದನ ಕೈ ಏಳಲೇ ಇಲ್ಲ. ಹವಾಲ್ದಾರ ಬೈದ. ಆಗ ಅವನಿಗೆ ಮನೆತನದ ಇನ್ನೊಂದು ಪದ್ಧತಿ ನೆನಪಾಯಿತು. ಕುರಿ ಮಾರುವಾಗ ಅದರ ಬೆನ್ನಿನಿಂದ ಒಂದು ಚಿವುಟು ಉಣ್ಣೆ ಕಿತ್ತು ಉಳಿಸಿಕೊಳ್ಳಬೇಕು. ಹಾಗೆ ಮಾಡಿದರೆ ಕುರಿ ಹೋದರೂ ಹಿಂಡಿನ ಲಕ್ಷ್ಮಿ ಹೋಗುವುದಿಲ್ಲ. ಅವನು ಬಗ್ಗಿ ಆ ಕುರಿಯ ಬೆನ್ನಿನ ಉಣ್ಣೆ ಚಿವುಟಿ ಜೇಬಿಗೆ ಹಾಕಿಕೊಂಡ, ಬೀರದೇವರ ಹೆಸರು ಹೇಳಿದ, ದಬ್ಬಿದ. ಆಮೇಲೆ ಪ್ರತಿ ಕುರಿಗೂ ಹಾಗೆಯೇ. ಜೊತೆಯವರು ನಕ್ಕರು, ಆಮೇಲೆ ರೂಢಿಯಾಯಿತು. ಜೇಬಿನ ಉಣ್ಣೆ ಕೈಚೀಲಕ್ಕೆ ಬಂತು, ಕೈಚೀಲದ್ದು ಗೋಣಿಚೀಲಕ್ಕೆ ಬಂತು. ಪೆನ್ಶನ್ ತೆಗೆದುಕೊಂಡು ಊರಿಗೆ ಬರುವಾಗ ಅವನ ಟ್ರಂಕಿಗಿಂತ ಆ ಚೀಲವೇ ದೊಡ್ಡದಿತ್ತು.

ಬಂದು ನೋಡಿದರೆ ಯಾವ ಹಿಂಡಿನ ಲಕ್ಷ್ಮಿಯನ್ನು ಕಾಯ್ದಿದ್ದನೋ ಆ ಹಿಂಡೇ ಇರಲಿಲ್ಲ. ಅಪ್ಪ ತೀರಿಹೋಗಿದ್ದ. ನಾಗೂಬಾಯಿ ಕುರಿಗಳನ್ನೆಲ್ಲ ಗಡಹಿಂಗ್ಲಜದ ಸಂತೆಯಲ್ಲಿ ಮಾರಿ, ಇಚಲಕರಂಜಿಗೆ ಬಂದು, ಚಾಳಿನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಕಾಂಡಿ ತುಂಬುತ್ತಿದ್ದಳು. ಬಂದ ದಿನವೇ ಅವನು ಚೀಲದ ಬಾಯಿ ಬಿಚ್ಚಿ ಅವಳ ಮುಂದೆ ಉಣ್ಣೆ ಹರವಿದ. ಅವರ ಮನೆತನದಲ್ಲಿ ಉಣ್ಣೆ ನೂಲುವುದು ಹೆಂಗಸರ ಕೆಲಸ. ಇದನ್ನು ನೂತು ಕೊಡು, ಒಂದು ಕಂಬಳಿ ಮಾಡಿಸೋಣ ಎಂದ. ಅವಳು ನೋಡಿದಳು. ಉಣ್ಣೆಗೆ ಕೈ ತಾಗದಂತೆ ಗೋಣಿಯ ಅಂಚು ಹಿಡಿದು ಮತ್ತೆ ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಅಟ್ಟದ ಮೇಲೆ ಎಸೆದಳು. "ನಾ ಉಣ್ಣಿ ಮುಟ್ಟೂದ ಬಿಟ್ಟೇನಿ," ಎಂದಳು.

"ನಮ್ಮ ಕುರಿ ಮಾರೂವಾಗ ಒಂದ ಎಳೀನೂ ಇಟ್ಕೊಳ್ಳಿಲ್ಲೇನು?"

"ಯಾರ ಸಲವಾಗಿ ಇಡಬೇಕಿತ್ತು?"

ಆಮೇಲೆ ಆ ಮಾತು ಏಳಲಿಲ್ಲ. ಖೋಲಿಯಲ್ಲಿ ಇಬ್ಬರೇ. ಮಕ್ಕಳಿಲ್ಲ. ಅವಳು ರೊಟ್ಟಿ ಬಡಿಯುವಳು, ಇವನು ನೀರು ತುಂಬುವನು. ಅವಳ ಮಾತು ಉಪ್ಪು ಮುಗಿಯಿತು, ಲೈಟು ಹೋಯಿತು ಎನ್ನುವಲ್ಲಿಗೆ ಮುಗಿಯುತ್ತಿತ್ತು. ಇವನ ಮಾತು ಮುಗಿಯುತ್ತಲೇ ಇರಲಿಲ್ಲ. ಅಸಲಿಗೆ ಅವನಿಗೆ ಭಾಳ ಬೇಸರವಿತ್ತು. ಸಂಜೆ ಗೋಡೆಗೆ ಒರಗಿ ಕೂತಾಗ, ಎದುರಿಗಿದ್ದ ಹೆಂಗಸು ತನ್ನ ಹೆಂಡತಿ ಎನ್ನುವುದು ಯಾರೋ ಹೇಳಿದ ಸುದ್ದಿಯಂತೆ ಕೇಳಿಸುತ್ತಿತ್ತು. ಆ ಉಣ್ಣೆಯನ್ನು ಅವಳು ಮಡಿಲಿಗೆ ಹಾಕಿಕೊಂಡು ಒಂದು ಎಳೆ ಎಳೆದರೆ ಸಾಕು, ತಾನು ಮನೆಗೆ ಬಂದು ಮುಟ್ಟಿದ ಹಾಗೆ ಎಂದು ಅವನಿಗೆ ಅನಿಸುತ್ತಿತ್ತು. ಬಂದು ಆರು ವರ್ಷವಾಗಿದ್ದರೂ ಅವನಿನ್ನೂ ಮನೆ ಮುಟ್ಟಿರಲಿಲ್ಲ.

ಹಾಗಾಗಿಯೇ ಜಿನಗೊಂಡನ ಸುದ್ದಿ ಕೇಳಿ ಅವನಿಗೆ ಆಸೆ ಚಿಗುರಿತು. ಅವಳು ಒಮ್ಮೆ ಆ ವಿಮಾನವನ್ನು ಕಣ್ಣಿಂದ ನೋಡಲಿ. ಆ ನೆಲ, ಆ ಬಾಗಿಲು ನೋಡಲಿ. ನೋಡಿದ ಮೇಲೆ ಆ ಉಣ್ಣೆ ಏನೆಂದು ಅವಳಿಗೆ ತಿಳಿಯುತ್ತದೆ, ತಿಳಿದ ಮೇಲೆ ನೂಲದೆ ಇರುತ್ತಾಳೆಯೇ. ಇದು ಅವನ ಲೆಕ್ಕ.

"ಶುಕ್ರವಾರ ಮಗ್ಗದ ಸೂಟಿ. ಅರಿವಿ ಒಗ್ಯಾಕ ಬೇಕು," ಎಂದಳು ನಾಗೂಬಾಯಿ.

"ನಾ ಒಗದ ಕೊಡತೇನಿ," ಎಂದ ಅವನು.

ಗುರುವಾರ ಸಂಜೆ ಅವನು ಚಾಳಿನ ನಲ್ಲಿಯ ಮುಂದೆ ಕೂತು ನಿಜಕ್ಕೂ ಅರಿವೆ ಒಗೆದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾಗೂಬಾಯಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಶುಕ್ರವಾರ ಮುಂಜಾನೆ ಅವಳು ಹಸಿರು ಇಳಕಲ್ ಸೀರೆ ಉಟ್ಟು, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದು ತಯಾರಾಗಿದ್ದಳು.

ಹಾತಕಣಂಗಲೆಯ ಮೇಲಿಂದ ಹೋಗುವ ಎಸ್ಟಿ ಬಸ್ಸು. ಅವಳು ಕಿಟಕಿಯ ಹತ್ತಿರ ಕೂತಳು, ಇವನು ಪಕ್ಕಕ್ಕೆ ಕೂತು ದಾರಿಯುದ್ದಕ್ಕೂ ಡಕೋಟಾದ ಇಂಜಿನ್ನುಗಳ ವಿಷಯ ಹೇಳಿದ. ಕೊಲ್ಲಾಪುರದಲ್ಲಿ ಇನ್ನೊಂದು ಬಸ್ಸು ಹತ್ತಿ, ಇಳಿದು, ಮೈದಾನದವರೆಗೆ ನಡೆದರು. ಎತ್ತರದ ಬಯಲು ಅದು. ಮಾರ್ಗಶಿರದ ಬಿಸಿಲಿಗೆ ಹುಲ್ಲು ಆಗಲೇ ಹಳದಿಗೆ ತಿರುಗಿತ್ತು. ತಂತಿಬೇಲಿಯ ಆಚೆ ಯಾರದೋ ಹಿಂಡೊಂದು ಮೇಯುತ್ತಿತ್ತು. ನಾಗೂಬಾಯಿ ಒಂದು ಕ್ಷಣ ನಿಂತು ಅದರ ಕಡೆ ನೋಡಿ, ಮುಖ ತಿರುಗಿಸಿ ನಡೆದಳು.

ಡಕೋಟಾ ಮೂಗೆತ್ತಿ, ಬಾಲ ನೆಲಕ್ಕೆ ಊರಿ ನಿಂತಿತ್ತು. ಕಾಡಸಿದ್ದನಿಗೆ ಮೊದಲು ಅನಿಸಿದ್ದು ಇದು ಇಷ್ಟು ಸಣ್ಣದಿತ್ತೇ ಎಂದು. ಅದಕ್ಕೆ ಹೊಸ ಬಣ್ಣ ಬಳಿದಿದ್ದರು. ಶಾಲೆಯ ಮಕ್ಕಳು, ಕಾಲೇಜಿನ ಹುಡುಗರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸರು ಸಾಲುಗಟ್ಟಿ ಒಂದು ಕಡೆ ಹತ್ತಿ, ಒಳಗೊಮ್ಮೆ ಇಣುಕಿ ಇಳಿಯುತ್ತಿದ್ದರು. ಕಾವಲಿಗಿದ್ದ ಸಾರ್ಜೆಂಟ್ ಕೇರಳದವನು. ಕಾಡಸಿದ್ದ ಅವನ ಮುಂದೆ ನೆಟ್ಟಗೆ ನಿಂತು, ತಾನು ಜೋರಹಾಟಿನಲ್ಲಿ ಇದೇ ಜಾತಿಯ ವಿಮಾನದಲ್ಲಿ ಮೂಟೆ ದಬ್ಬುತ್ತಿದ್ದವನು ಎಂದು ಹಿಂದಿಯಲ್ಲಿ ಹೇಳಿದ. ಸಾರ್ಜೆಂಟ್ ಅವನನ್ನು ಮೇಲಿಂದ ಕೆಳಗೆ ನೋಡಿ ಕೈ ಕುಲುಕಿದ. ಭಾಷಣ ಶುರುವಾಗಿ ಜನರೆಲ್ಲ ಶಾಮಿಯಾನದ ಕಡೆ ಹೋಗುತ್ತಾರೆ, ಆಗ ಹತ್ತಿ, ಎಷ್ಟು ಹೊತ್ತು ಬೇಕಾದರೂ ಕೂತುಕೊಳ್ಳಿ ಎಂದ.

ಜನ ಹೋದರು. ಇವರಿಬ್ಬರು ಏಣಿ ಹತ್ತಿದರು. ಸಾರ್ಜೆಂಟ್ ರೆಕ್ಕೆಯ ನೆರಳಿನಲ್ಲಿ ತನ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತ.

ಒಳಗೆ ನೆಲ ಇಳಿಜಾರು. ನಾಗೂಬಾಯಿ ಗೋಡೆ ಹಿಡಿದು ಮೇಲಕ್ಕೆ ನಡೆದು ಬೆಂಚಿನ ಮೇಲೆ ಕೂತಳು. ಕಾಡಸಿದ್ದನ ಕಾಲಿಗೆ ಆ ಇಳಿಜಾರು ಕೂಡಲೇ ನೆನಪಾಯಿತು. ಅವನು ಅತ್ತಿತ್ತ ಓಡಾಡಿ ತೋರಿಸತೊಡಗಿದ. ಇಗೋ ಇಲ್ಲಿ ಅಕ್ಕಿ ಪೇರಿಸುವುದು. ಇಗೋ ಈ ತಂತಿಗೆ ಪ್ಯಾರಾಶೂಟಿನ ಕೊಕ್ಕೆ ಸಿಕ್ಕಿಸುವುದು. ಈ ಬೆಂಚು ಹೀಗೆ ಮಡಚಿದರೆ ಸ್ಟ್ರೆಚರಿಗೆ ಜಾಗ. ಆ ಹೆಂಗಸು ಹೆತ್ತದ್ದು ಇಂಥದೇ ನೆಲದ ಮೇಲೆ. ಅವನ ದನಿ ತಗಡಿನ ಗೋಡೆಗಳಿಗೆ ಬಡಿದು ಗೊಂಯ್‌ಗುಟ್ಟಿತು.

"ಸಾವಕಾಶ ಹೇಳ್ರಿ," ಎಂದಳು ನಾಗೂಬಾಯಿ. "ಇಲ್ಲೇನ ಮಗ್ಗ ನಡದಿಲ್ಲ."

ಅವನು ದನಿ ಇಳಿಸಿದ. ಆದರೂ ಹೇಳುತ್ತಲೇ ಹೋದ. ಇದಕ್ಕೆ ಬರುವುದಿಲ್ಲ ಎನ್ನುವ ಕೆಲಸವೇ ಇಲ್ಲ, ಇದು ಹೊರದ ಭಾರವೇ ಇಲ್ಲ ಎಂದ. ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. ಹೊಸ್ತಿಲ ತಗಡು ಮೂಟೆಗಳನ್ನು ಎಳೆದೆಳೆದು ತಟ್ಟೆಯಂತೆ ನುಣ್ಣಗಾಗಿತ್ತು. ಅವಳು ಬಗ್ಗಿ ಅದನ್ನು ಕೈಯಿಂದ ಸವರಿ ನೋಡಿದಳು.

"ಕುರಿ ಇಲ್ಲೇ ನಿಲ್ಲಸ್ತಿದ್ರೇನು?"

"ನಿಲ್ಲಸ್ತಿರಲಿಲ್ಲ. ಕಾಲ ಕಟ್ಟಿ ಮಲಗಸ್ತಿದ್ವಿ. ಗಂಟಿ ಆತಂದ್ರ ಹಿಂದಿಂದ..." ಅವನು ಮಾತು ನಿಲ್ಲಿಸಿದ.

"ಕೂಗತಿದ್ದೂ?"

"ಇಂಜಿನ್ ಸಪ್ಪಳದಾಗ ಏನ ಕೇಳಸತೈತಿ? ಬಾಯಿ ತಗದದ್ದ ಅಷ್ಟ ಕಾಣತಿತ್ತು."

"ಬಾಯಿ ಕಂಡ್ರ ಸಾಕಲ್ರಿ," ಎಂದಳು ಅವಳು. "ತಿಳೀತೈತಿ."

ಬಾಗಿಲಿನಿಂದ ಬಯಲು ಕಾಣುತ್ತಿತ್ತು, ಬೇಲಿಯಾಚೆಯ ಹಿಂಡು ಕಾಣುತ್ತಿತ್ತು. ದೂರದ ಶಾಮಿಯಾನದಿಂದ ಮೈಕಿನ ಭಾಷಣ ಗಾಳಿ ಬೀಸಿದಂತೆ ಬಂದು ಹೋಗುತ್ತಿತ್ತು. ನಾಗೂಬಾಯಿ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತಳು, ಮನೆಯ ಕಟ್ಟೆಯ ಮೇಲೆ ಕೂತಹಾಗೆ. ಕೂತು, ಹಿಂಡಿನ ಕಡೆ ನೋಡುತ್ತಲೇ, ಗಡಹಿಂಗ್ಲಜದ ಮಾತು ತೆಗೆದಳು.

ಅದು ಚೀನಾ ಯುದ್ಧ ಮುಗಿದ ಮೇಲಿನ ವರ್ಷ. ದೀಪಾವಳಿಗೆ ಮೊದಲು ಅವಳೂ ಮಾವನೂ ಹಿಂಡು ಹೊಡೆದುಕೊಂಡು ಗಡಹಿಂಗ್ಲಜದ ಕಡೆ ಹೋಗಿದ್ದರು. ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆಂದು ಅಲ್ಲಿಯ ರೈತರು ಪ್ರತಿ ವರ್ಷ ಕರೆಯುತ್ತಿದ್ದರು. ಹಿರಣ್ಯಕೇಶಿ ಹೊಳೆಯ ದಂಡೆಯ ಹೊಲದಲ್ಲಿ ಹಟ್ಟಿ ಹಾಕಿದರು. ಮಳೆಗಾಲ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದರು. ಮಾವನಿಗೆ ಜ್ವರ ಬಂದು ಊರೊಳಗೆ ಬಾಳಗೊಂಡ ಎನ್ನುವ ರೈತನ ಪಡಸಾಲೆಯಲ್ಲಿ ಮಲಗಿದ್ದ. ಬೆಳಕು ಹರಿಯುವ ಹೊತ್ತಿಗೆ ಮೇಲೆ ಎಲ್ಲೋ ಸುರಿದ ಮಳೆಯ ನೀರು ಹೊಳೆಗೆ ಬಂತು. ಹೊಲಕ್ಕೂ ಊರ ದಿಬ್ಬಕ್ಕೂ ನಡುವಿನ ಹಳ್ಳ ತುಂಬಿ ಸೊಂಟದವರೆಗೆ ಏರಿತು.

"ಕುರಿ ನೀರಾಗ ಇಳಿಯೂದಿಲ್ಲ, ನಿಮಗ ಗೊತ್ತೈತಿ," ಎಂದಳು. "ಮುಂದ ನಿಂತ ಕರದೆ. ಬರಲಿಲ್ಲ. ಮತ್ತ ಏನ ಮಾಡ್ಲಿ? ಒಂದೊಂದ ಹೆಗಲ ಮ್ಯಾಲ ಹಾಕ್ಕೊಂಡು ದಾಟಿಸಿದೆ. ಮರಿ ಆದ್ರ ಎರಡೆರಡು. ತ್ವಾಯ್ದ ಕುರಿ ಎಷ್ಟ ಒಜ್ಜಿ ಇರತೈತಿ ಅನ್ನೂದು ಹೊತ್ತವರಿಗೇ ಗೊತ್ತು. ಮಧ್ಯಾಹ್ನ ಆತು. ಅರ್ಧದ ಮ್ಯಾಲ ದಾಟಿದ್ದೂ, ಉಳದದ್ದ ಹೊಳೀ ಒಯ್ತು."

"ಅಪ್ಪ ಹೇಳಿದ್ದ," ಎಂದ ಕಾಡಸಿದ್ದ. "ಹೊಳೀಗೆ ಕುರಿ ಹೋದೂ ಅಂತ."

"ಕುರಿ ಹೋದದ್ದ ಹೇಳ್ಯಾರ. ಮಾವಗ ಅಷ್ಟ ಗೊತ್ತಿತ್ತು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆ ವರ್ಷ ನೀವು ಜ್ಯೇಷ್ಠದಾಗ ಸೂಟಿಗೆ ಬಂದು ಹೋಗಿದ್ರಿ. ನಾ ಹೊಟ್ಟೀಲೆ ಇದ್ನಿ. ಮರುದಿವಸ ಬಾಳಗೊಂಡನ ಮನಿ ಹಿತ್ತಲದಾಗ ಹೋತು. ಅವನ ಹೆಂಡತಿ ಕಾಂಚನವ್ವ ಮಣ್ಣ ಮಾಡಿದಳು. ಗಂಡ ಕೂಸ ಇತ್ತಂತ."

ಮೈಕಿನ ದನಿ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಕಾಡಸಿದ್ದ ಬೆಂಚಿನ ಸರಳು ಹಿಡಿದುಕೊಂಡು ನಿಂತಿದ್ದ. ಸರಳು ಬಿಟ್ಟು ಅವಳ ಹಿಂದೆ ಕೂತ. ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮಗುವಿನ ಮುಖ ಹೇಗಿತ್ತೆಂದು ಕೇಳಬೇಕೆನಿಸಿತು. ಕೇಳಲು ತನಗೆ ಯಾವ ಹಕ್ಕು ಎಂದೂ ಅನಿಸಿತು. ಹದಿನೆಂಟು ವರ್ಷ ಈ ಹೆಂಗಸು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು.

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದ.

"ನೀವು ಮುಂದಿನ ಸಲ ಬಂದ್ರಿ. ಬಂದ ದಿನಾನ ಇಮಾನದ ಸುದ್ದಿ ಸುರು ಮಾಡಿದ್ರಿ. ಅದು ಮುಗದ ಮ್ಯಾಲ ಹೇಳಬೇಕಂತಿದ್ನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮುಗೀಲೇ ಇಲ್ಲ."

ಅವಳೇ ಮತ್ತೆ, ಉಣ್ಣೆ ಮೂಗಿನ ಹತ್ತಿರ ಬಂದರೆ ಇವತ್ತಿಗೂ ತೋಯ್ದ ಕುರಿಯ ವಾಸನೆಯೇ ಬರುತ್ತದೆ, ಅದಕ್ಕೇ ಮುಟ್ಟುವುದಿಲ್ಲ, ನಿಮ್ಮ ಚೀಲದ ಮೇಲೆ ನನಗೇನೂ ಸಿಟ್ಟಿಲ್ಲ ಎಂದಳು. ಗಂಟು ಬಿಚ್ಚಿ ಒಂದು ರೊಟ್ಟಿಯನ್ನು ಹಿಂದಕ್ಕೆ ಚಾಚಿದಳು. ಅವನು ತೆಗೆದುಕೊಂಡ. ಡಕೋಟಾದ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ಕೂತು ಇಬ್ಬರೂ ಉಂಡರು. ಅವನು ಚೂರೂ ಬಿಡದೆ ತಿಂದ.

ಜನ ಮತ್ತೆ ಬರತೊಡಗಿದಾಗ ಸಾರ್ಜೆಂಟ್ ಕೆಳಗಿನಿಂದ ಕರೆದ. ನಾಗೂಬಾಯಿ ಏಣಿಯ ಮೆಟ್ಟಿಲು ಇಳಿದು ನಿಂತಳು. ಕಾಡಸಿದ್ದ ಬಾಗಿಲಿಗೆ ಬಂದ. ಇಷ್ಟು ವರ್ಷ ಇಂಥ ಬಾಗಿಲಿನಿಂದ ಲೋಕದ ಸಾಮಾನನ್ನೆಲ್ಲ ಕೆಳಗೆ ಬಿಟ್ಟವನು, ತಾನು ಇಳಿಯುವಾಗ ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟ. ಹತ್ತಲು ಕೆಳಗೆ ಕಾದು ನಿಂತ ಯಾರೋ ಹುಡುಗರು ಚಲಾ, ಚಲಾ ಎಂದರು. ನಾಗೂಬಾಯಿ ತಿರುಗಿ ನೋಡಿದಳು. ಏನೂ ಹೇಳದೆ ಏಣಿಯ ಹತ್ತಿರ ಬಂದು, ಬೆನ್ನು ತಿರುಗಿಸಿ, ಹೆಗಲು ಕೊಟ್ಟು ನಿಂತಳು. ಅವನು ಎರಡೂ ಕೈಗಳನ್ನು ಅವಳ ಹೆಗಲ ಮೇಲೆ ಊರಿ ಇಳಿದ. ಸೀರೆಯ ಕೆಳಗೆ ಮೂಳೆ ಗಟ್ಟಿಯಾಗಿ ತಾಗಿತು. ಅವನು ಈ ಮೊದಲು ಆ ಹೆಗಲನ್ನು ಹೀಗೆ ಮುಟ್ಟಿರಲಿಲ್ಲ.

ಬಸ್ಸಿನ ರಸ್ತೆಗೆ ಹೋಗುವ ಕಾಲುದಾರಿ ಬೇಲಿಯ ಪಕ್ಕದಲ್ಲೇ ಇತ್ತು. ನಾಗೂಬಾಯಿ ಮುಂದೆ, ಅವನು ಹಿಂದೆ. ಹಿಂಡು ಹಾದುಹೋದ ಕಡೆ ಜಾಲಿಯ ಮುಳ್ಳುಗಳಿಗೆ ಅಲ್ಲಲ್ಲಿ ಉಣ್ಣೆ ಸಿಕ್ಕಿಕೊಂಡಿತ್ತು. ನಡೆಯುತ್ತಿದ್ದ ಅವಳ ಕೈ ಒಂದು ಟೊಂಗೆಯ ಕಡೆ ತಾನಾಗಿ ಹೋಗಿ, ಒಂದು ಚಿವುಟು ಕರಿಯ ಉಣ್ಣೆ ಕಿತ್ತುಕೊಂಡಿತು. ಅವಳು ಅದರ ಕಡೆ ನೋಡಲೂ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಅದನ್ನು ಹೊಸೆಯುತ್ತ, ಎಳೆಯುತ್ತ, ಮತ್ತೆ ಹೊಸೆಯುತ್ತ ನಡೆದಳು. ಕಾಡಸಿದ್ದ ಕಂಡ. ಅವನ ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು. ನುಂಗಿಕೊಂಡ. ತನ್ನ ಹೆಜ್ಜೆಯ ಸಪ್ಪಳಕ್ಕೆ ಎಲ್ಲಿ ಆ ಬೆರಳುಗಳು ನಿಂತುಬಿಡುತ್ತವೋ ಎಂದು ನಡಿಗೆ ನಿಧಾನ ಮಾಡಿದ.

ಬಸ್ಸಿನಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಅವಳು ಕಿಟಕಿಗೆ ತಲೆಯಿಟ್ಟು ತೂಕಡಿಸಿದಳು. ಇಚಲಕರಂಜಿ ಬಂದಾಗ ಅವಳ ಕೈಯಲ್ಲಿ ಆ ಎಳೆ ಇರಲಿಲ್ಲ. ಇಳಿಯುವ ಮುಂಚೆ ಅವನು ಸೀಟಿನ ಮೇಲೆ, ಸೀಟಿನ ಕೆಳಗೆ ಹುಡುಕಿದ. ಏನು ಕಳೆಯಿತೆಂದು ಕಂಡಕ್ಟರ್ ಕೇಳಿದ. ಏನಿಲ್ಲ ಎಂದು ಇಳಿದ.

ಮನೆಗೆ ಬಂದು ಅವನು ಕಾಲು ತೊಳೆದು ಗೋಡೆಗೆ ಒರಗಿ ಕೂತ. ಸೂಟಿಯ ದಿನವಾದ್ದರಿಂದ ಮಗ್ಗಗಳು ನಿಂತಿದ್ದವು; ಓಣಿಯೇ ಊರು ಬಿಟ್ಟು ಹೋದಂತೆ ಇತ್ತು. ನಾಗೂಬಾಯಿ ಸ್ಟೋವ್ ಹಚ್ಚಿ ಚಹಾದ ನೀರಿಟ್ಟಳು. ಡಬ್ಬಿಯಿಂದ ಸಕ್ಕರೆ ತೆಗೆಯಲು ಕೈ ಎತ್ತಿದಾಗ ಹಸಿರು ಬಳೆಗಳು ಹಿಂದೆ ಸರಿದವು. ಅವುಗಳಲ್ಲಿ ಒಂದರ ಸುತ್ತ ಕರಿಯ ಎಳೆ ಸುತ್ತಿ ಗಂಟು ಹಾಕಿತ್ತು.

"ಆ ಚೀಲದಾಗ ಕರೇ ಉಣ್ಣಿ ಐತೇನು, ಬರೇ ಬಿಳೇದ?" ಎಂದು ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

ಕರಿಯ ಕುರಿಗಳು ಯಾವ ಸೀಮೆಯಿಂದ ಬರುತ್ತಿದ್ದವು, ಯಾವ ಗುಡ್ಡಕ್ಕೆ ಹೋದವು, 'ಕರೇದು ಬ್ಯಾಡ' ಎಂದು ಯಾವ ಹವಾಲ್ದಾರ ಜಗಳ ತೆಗೆಯುತ್ತಿದ್ದ, ಎಲ್ಲವೂ ಕಾಡಸಿದ್ದನ ಬಾಯಿಯವರೆಗೆ ಬಂತು.

"ಕರೇದೂ ಐತಿ," ಎಂದ. ಅಷ್ಟೇ.

ಅವಳು ಚಹಾ ಸೋಸಿ, ಎರಡೂ ಬಟ್ಟಲು ತಂದು ಅವನ ಎದುರಿಗೆ ಕೂತಳು. ಮಗ್ಗಗಳ ಸದ್ದಿರಲಿಲ್ಲ, ಅವಳು ಪಿಸುಗುಟ್ಟಿದ್ದರೂ ಕೇಳುತ್ತಿತ್ತು. ಆದರೂ ಅವನು ಬಟ್ಟಲು ಕೈಯಲ್ಲಿ ಹಿಡಿದುಕೊಂಡು, ಅವಳ ತುಟಿಗಳನ್ನೇ ನೋಡುತ್ತ ಕೂತ.